‘ಪ’ ಎನ್ನುವುದಕ್ಕೆ ಮಿದುಳು ಪಡುವ ಪಾಡು

ನನ್ನ ಸೋದರಮಾವನಿಗೆ ಪಾರ್ಶ್ವವಾಯು ಬಡಿದ ಮೂರನೆಯ ದಿನ. ಎಡಗೈ ಮೇಲೇಳುತ್ತಿರಲಿಲ್ಲ, ಬಾಯಿಯ ಎಡ ಅಂಚು ಜೋತುಬಿದ್ದಿತ್ತು. ಏನೋ ಹೇಳಲು ಬಾಯಿ ತೆರೆದರೆ ಹೊರಬರುತ್ತಿದ್ದುದು ಅಂಚುಗಳೆಲ್ಲ ಸವೆದ, ಒಂದಕ್ಕೊಂದು ಅಂಟಿಕೊಂಡ ಸದ್ದು. ನೋಡಲು ಬಂದವರೆಲ್ಲ ಹಾಸಿಗೆಯ ಮೇಲೆ ಬಾಗಿ, ಎಳೆಯ ಮಗುವಿನೊಡನೆ ಮಾತನಾಡುವಂತೆ ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಕೂಗುತ್ತಿದ್ದರು: “ನಾನು ಯಾರು, ಗೊತ್ತಾಯಿತೇ?” ಕೊನೆಗೆ ಅವರು ಬಲಗೈಯಿಂದ ಪೆನ್ನು ಬೇಕೆಂದು ಸನ್ನೆ ಮಾಡಿದರು. ಎಂದಿನ ದುಂಡನೆಯ ಅಕ್ಷರದಲ್ಲಿ ಬರೆದರು: “ಕೂಗಬೇಡಿ. ಕಿವಿ ಸರಿಯಿದೆ, ತಲೆಯೂ ಸರಿಯಿದೆ. ನಾಲಿಗೆ ನಾನು ಹೇಳಿದ ಹಾಗೆ ಕೇಳುತ್ತಿಲ್ಲ.”

ಅವರ ಕೊನೆಯ ಆ ವಾಕ್ಯ ನನ್ನನ್ನು ಬಹಳ ದಿನ ಬಿಡಲಿಲ್ಲ. ನಾಲಿಗೆ ‘ಹೇಳಿದ ಹಾಗೆ ಕೇಳುವುದು’ ಎಂದರೇನು? ಹೇಳುವವರು ಯಾರು, ಎಲ್ಲಿಂದ, ಯಾವ ದಾರಿಯಲ್ಲಿ?

‘ಮಾತು ಹೋಯಿತು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಎರಡು ಬೇರೆ ಬೇರೆ ನಷ್ಟಗಳಿವೆ. ಪದವೇ ಹೊಳೆಯದಿರುವುದು, ವಾಕ್ಯ ಕಟ್ಟಲಾಗದಿರುವುದು, ಕೇಳಿದ್ದು ಅರ್ಥವಾಗದಿರುವುದು ಒಂದು ಬಗೆ. ವೈದ್ಯರು ಇದನ್ನು ಅಫೇಸಿಯ ಎನ್ನುತ್ತಾರೆ. ಪದ ಹೊಳೆದಿದೆ, ವಾಕ್ಯ ಸಿದ್ಧವಾಗಿದೆ, ಆದರೆ ಅದನ್ನು ಸದ್ದಾಗಿಸಬೇಕಾದ ತುಟಿ, ನಾಲಿಗೆ, ಗಂಟಲುಗಳು ಹಿಡಿತಕ್ಕೆ ಸಿಗುತ್ತಿಲ್ಲ ಎಂಬುದು ಇನ್ನೊಂದು ಬಗೆ. ಇದು ಡಿಸಾರ್ಥ್ರಿಯ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಮಿದುಳಿನ ಎಡ ಅರ್ಧಗೋಳದ್ದು. ಮಾವನ ಪೆಟ್ಟು ಬಲಗಡೆ ಬಿದ್ದಿತ್ತು. ಪದಗಳ ಭಂಡಾರಕ್ಕೆ ಏನೂ ಆಗಿರಲಿಲ್ಲ, ಬಾಗಿಲು ಕಚ್ಚಿಕೊಂಡಿತ್ತು ಅಷ್ಟೇ. (ಅಫೇಸಿಯದಲ್ಲೂ ಬುದ್ಧಿಯೇ ಹೋಯಿತು ಎಂದು ತಿಳಿಯುವುದು ದೊಡ್ಡ ತಪ್ಪು.) ಮಾತಿನ ಈ ಎರಡನೆಯ ಅರ್ಧ, ಅಂದರೆ ಮಾತನ್ನು ಚಲನೆಯಾಗಿ ನಡೆಸುವ ಕೆಲಸ, ಹೇಗೆ ಸಾಗುತ್ತದೆ ಎಂಬುದನ್ನು ತಿಳಿದಿದ್ದರೆ ಅಂದು ಆ ಕೋಣೆಯಲ್ಲಿ ಯಾರೂ ಕೂಗುತ್ತಿರಲಿಲ್ಲ.

ಒಂದು ಸೀಳು, ಎರಡು ದಿಬ್ಬ

ತಲೆಗೂದಲು ಹಿಂದಕ್ಕೆ ನಿಲ್ಲಲೆಂದು ಹಾಕುವ ಹೇರ್‌ಬ್ಯಾಂಡ್ ಕಿವಿಯಿಂದ ಕಿವಿಗೆ ನೆತ್ತಿಯ ಮೇಲೆ ಹಾದುಹೋಗುವುದನ್ನು ಕಲ್ಪಿಸಿಕೊಳ್ಳಿ. ಸುಮಾರು ಅದೇ ಜಾಡಿನಲ್ಲಿ, ತಲೆಬುರುಡೆಯ ಕೆಳಗೆ, ಮಿದುಳಿನ ಹೊರಪದರದಲ್ಲಿ ಎರಡೂ ಬದಿಗೆ ಒಂದೊಂದು ಆಳವಾದ ಸೀಳಿದೆ. ಇದು ನಡುಸೀಳು. ಸೀಳಿನ ಮುಂದಿನ ದಿಬ್ಬ ಚಲನೆಯದು, ಹಿಂದಿನ ದಿಬ್ಬ ಸ್ಪರ್ಶದ್ದು. ಮುಂದಿನದು ಅಪ್ಪಣೆ ಕಳಿಸುತ್ತದೆ, ಹಿಂದಿನದು ಚರ್ಮ, ಸ್ನಾಯು, ಕೀಲುಗಳಿಂದ ಬರುವ ಸುದ್ದಿ ಓದುತ್ತದೆ. ಕೆಲವೇ ಮಿಲಿಮೀಟರ್ ದಪ್ಪದ ಈ ಎರಡು ಪಟ್ಟಿಗಳನ್ನು ಸೇರಿಸಿ ಸಂವೇದನ-ಚಾಲಕ ತೊಗಟೆ ಎನ್ನುತ್ತಾರೆ. ಪೆನ್ನು ಹಿಡಿಯುವುದು, ಗುಂಡಿ ಹಾಕಿಕೊಳ್ಳುವುದು, ಹಾಡುವುದು, ‘ಪ’ ಎನ್ನುವುದು, ಬೇಕೆಂದು ಮಾಡುವ ಎಲ್ಲವೂ ಇದರ ಮೂಲಕ ಹಾಯ್ದೇ ಹೊರಗೆ ಬರಬೇಕು.

ಇಂಥ ಒಂದು ಜಾಗ ಇರಲೇಬೇಕೆಂದು ಮೊದಲು ಊಹಿಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜ್ಯಾಕ್ಸನ್. ಅವರ ಬಳಿ ಉಪಕರಣ ಇರಲಿಲ್ಲ, ಇದ್ದದ್ದು ಕಣ್ಣು ಮತ್ತು ತಾಳ್ಮೆ. ಕೆಲವು ಮೂರ್ಛೆರೋಗಿಗಳಲ್ಲಿ ಸೆಳೆತ ಒಂದು ಹೆಬ್ಬೆರಳಿನಲ್ಲಿ ಶುರುವಾಗಿ, ಅಂಗೈ, ಮುಂಗೈ, ತೋಳು, ಮುಖ ಹೀಗೆ ಸಾಲಾಗಿ ನಡೆದುಕೊಂಡು ಹೋಗುವುದನ್ನು ಅವರು ಗಮನಿಸಿದರು. ಮೈಮೇಲೆ ಸೆಳೆತ ನೆರೆಯಿಂದ ನೆರೆಗೆ ಹೋಗುತ್ತಿದ್ದರೆ, ಮಿದುಳಿನೊಳಗೂ ಕೈಯ ಜಾಗದ ಪಕ್ಕ ಮುಖದ ಜಾಗ ಇರಬೇಕಲ್ಲವೇ? 1870ರಲ್ಲಿ ಬರ್ಲಿನ್ನಿನ ಗುಸ್ತಾವ್ ಫ್ರಿಟ್ಶ್ ಮತ್ತು ಎಡ್ವರ್ಡ್ ಹಿಟ್ಸಿಗ್ ನಾಯಿಯ ಮಿದುಳಿನ ಹೊರಪದರಕ್ಕೆ ಸಣ್ಣ ವಿದ್ಯುತ್ ಹಾಯಿಸಿದಾಗ ಎದುರುಬದಿಯ ಕಾಲು ಕದಲಿತು. ಜಾಗ ಬದಲಿಸಿದರೆ ಬೇರೆ ಅಂಗ ಕದಲಿತು. ಊಹೆಗೆ ಆಧಾರ ಸಿಕ್ಕಿತು.

ಮನುಷ್ಯರಲ್ಲಿ ಈ ನಕ್ಷೆಯನ್ನು ವಿವರವಾಗಿ ಬರೆದವರು ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್. ಮಿದುಳಿಗೆ ತನ್ನದೇ ನೋವಿಲ್ಲ. ಹಾಗಾಗಿ ನೆತ್ತಿಯ ಚರ್ಮಕ್ಕಷ್ಟೇ ಅರಿವಳಿಕೆ ಕೊಟ್ಟು, ಎಚ್ಚರವಾಗಿರುವ ರೋಗಿಯೊಡನೆ ಮಾತನಾಡುತ್ತಲೇ ಶಸ್ತ್ರಚಿಕಿತ್ಸೆ ಮಾಡಬಹುದು. ಮೂರ್ಛೆಗೆ ಕಾರಣವಾದ ಭಾಗವನ್ನು ತೆಗೆಯುವ ಮೊದಲು, ತೆಗೆಯಬಾರದ್ದು ಯಾವುದು ಎಂದು ತಿಳಿಯಲು ಪೆನ್‌ಫೀಲ್ಡ್ ಒಂದೊಂದು ಬಿಂದುವಿಗೂ ಸಣ್ಣ ವಿದ್ಯುತ್ ಮುಟ್ಟಿಸುತ್ತಿದ್ದರು. ಏನಾಯಿತೆಂದು ಕೇಳಿ, ಆ ಬಿಂದುವಿನ ಮೇಲೆ ಪುಟ್ಟ ಸಂಖ್ಯೆಯ ಚೀಟಿ ಇಡುತ್ತಿದ್ದರು. ಬೆರಳು ಮಡಚಿಕೊಳ್ಳುತ್ತಿತ್ತು, ತುಟಿ ಜುಮ್ಮೆನ್ನುತ್ತಿತ್ತು, ನಾಲಿಗೆ ಒಂದು ಬದಿಗೆ ಎಳೆಯುತ್ತಿತ್ತು. 1937ರಲ್ಲಿ ಎಡ್ವಿನ್ ಬೋಲ್ಡ್ರಿ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ ಈ ಬಿಂದುಗಳೆಲ್ಲ ಒಟ್ಟಾದವು. ನೆತ್ತಿಯ ಬಳಿ, ಎರಡು ಅರ್ಧಗೋಳಗಳು ಎದುರಾಗುವ ಒಳಮಗ್ಗುಲಿನಲ್ಲಿ ಪಾದ. ಕೆಳಗಿಳಿಯುತ್ತ ಮುಂಡ, ತೋಳು, ಕೈ, ಬೆರಳು, ಮುಖ, ತುಟಿ. ಕಿವಿಯತ್ತ ಬಂದಾಗ ನಾಲಿಗೆ, ಗಂಟಲು. ತಲೆಕೆಳಗಾಗಿ ನೇತುಹಾಕಿದ ಮನುಷ್ಯನಂತೆ.

ಈ ಮನುಷ್ಯನ ಚಿತ್ರವನ್ನು ನೀವು ಪಠ್ಯಪುಸ್ತಕದಲ್ಲಿ ನೋಡಿರಬಹುದು. ಕೈ ಮೊರದಗಲ, ತುಟಿ ದಪ್ಪ, ನಾಲಿಗೆ ಉದ್ದ, ಬೆನ್ನು ಒಂದಿಷ್ಟೇ ಇಷ್ಟು. ಮಿದುಳಿನಲ್ಲಿ ಜಾಗ ಹಂಚಿಕೆಯಾಗುವುದು ಅಂಗದ ಗಾತ್ರ ನೋಡಿ ಅಲ್ಲ, ಆ ಅಂಗ ಮಾಡುವ ಕೆಲಸದ ನಾಜೂಕು ನೋಡಿ. ಇಡೀ ಬೆನ್ನಿಗಿಂತ ಹೆಬ್ಬೆರಳಿಗೆ ಹೆಚ್ಚು ಜಾಗ. ಕೈಗೂ ಬಾಯಿಗೂ ಸಿಕ್ಕ ಪಾಲು ಎಷ್ಟು ದೊಡ್ಡದೆಂದರೆ, ನಾವು ಉಪಕರಣ ಹಿಡಿಯುವ ಮತ್ತು ಮಾತನಾಡುವ ಜೀವಿಗಳು ಎಂಬುದು ಆ ಚಿತ್ರ ನೋಡಿದರೇ ಗೊತ್ತಾಗುತ್ತದೆ.

ಪೆನ್‌ಫೀಲ್ಡ್ ದಾಖಲಿಸಿದ ಒಂದು ಸಂಗತಿ ನನಗೆ ಆ ಚಿತ್ರಕ್ಕಿಂತ ಮುಖ್ಯವೆನಿಸುತ್ತದೆ. ವಿದ್ಯುತ್ತಿನಿಂದ ಕೈ ಕದಲಿದಾಗ ರೋಗಿಗಳು, ಇದು ನಾನು ಮಾಡಿದ್ದಲ್ಲ, ನೀವು ಮಾಡಿದ್ದು ಎನ್ನುತ್ತಿದ್ದರು. ಗಂಟಲಿನ ಜಾಗ ಮುಟ್ಟಿದಾಗ ‘ಆ…’ ಎಂಬಂಥ ಉದ್ದನೆಯ ಸ್ವರ ಹೊರಟು, ಉಸಿರು ಮುಗಿಯುವ ತನಕ ನಿಲ್ಲಿಸಲಾಗುತ್ತಿರಲಿಲ್ಲ. ಆಗಲೂ ಅದೇ ದೂರು: ಈ ಸದ್ದನ್ನು ನೀವು ನನ್ನೊಳಗಿನಿಂದ ಎಳೆದಿರಿ. ಎಷ್ಟು ಜಾಗ ಮುಟ್ಟಿದರೂ ಒಂದು ಪದ ಮಾತ್ರ ಹೊರಬರಲಿಲ್ಲ. ಅಲ್ಲಿ ಪದಗಳಿಲ್ಲ. ಅಲ್ಲಿರುವುದು ಪದವನ್ನು ಬಾಯಾಗಿಸುವ ಸಾಮರ್ಥ್ಯ.

ನಕ್ಷೆ ನಿಜ, ಆದರೆ ಗಡಿಗಳು ಮಸುಕು

ಆ ಚಿತ್ರ ಎಷ್ಟು ಜನಪ್ರಿಯವಾಯಿತೆಂದರೆ, ಚಾಲಕ ತೊಗಟೆ, ಅಂದರೆ ಆ ಮುಂದಿನ ದಿಬ್ಬ, ಹಾರ್ಮೋನಿಯಂ ಇದ್ದಂತೆ, ಒಂದೊಂದು ಮನೆ ಒತ್ತಿದರೆ ಒಂದೊಂದು ಸ್ನಾಯು ಎಳೆಯುತ್ತದೆ ಎಂದು ಬಹಳ ಜನ ನಂಬಿಬಿಟ್ಟರು. ಹಾಗಿಲ್ಲ. ಒಂದೇ ಬಿಂದು ಹಲವು ಸ್ನಾಯುಗಳನ್ನು ಎಬ್ಬಿಸುತ್ತದೆ, ಒಂದೇ ಸ್ನಾಯುವಿಗೆ ಹಲವು ಬಿಂದುಗಳಿಂದ ಅಪ್ಪಣೆ ಬರುತ್ತದೆ. 2002ರಲ್ಲಿ ಮೈಕೆಲ್ ಗ್ರಾಜಿಯಾನೊ ಮತ್ತು ಸಂಗಡಿಗರು ಕೋತಿಯ ಚಾಲಕ ತೊಗಟೆಗೆ ಕ್ಷಣಮಾತ್ರದ ಬದಲು ಅರ್ಧ ಸೆಕೆಂಡಿನಷ್ಟು ಹೊತ್ತು ವಿದ್ಯುತ್ ಹಾಯಿಸಿದರು. ಆಗ ಕಂಡದ್ದು ಬಿಡಿ ಸೆಳೆತವಲ್ಲ. ಕೋತಿಯ ಕೈ ಮುಷ್ಟಿ ಹಿಡಿದು ಬಾಯಿಯತ್ತ ಬಂತು, ಬಾಯಿಯೂ ತೆರೆಯಿತು. ಬಿಂದುವಿನಲ್ಲಿ ಅಡಗಿದ್ದದ್ದು ‘ತಿನ್ನುವ’ ಪೂರ್ತಿ ಚಲನೆ.

ಒಂದು ಚಲನೆಯ ದಿಕ್ಕನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆಗೂ ಹೀಗೆಯೇ ಅನಿರೀಕ್ಷಿತ ಉತ್ತರ ಸಿಕ್ಕಿತು. 1980ರ ದಶಕದಲ್ಲಿ ಅಪೊಸ್ತೊಲೊಸ್ ಜಾರ್ಜೊಪೌಲೊಸ್ ಕೋತಿಗಳು ಕೈ ಚಾಚುವಾಗ ಒಂದೊಂದೇ ನರಕೋಶದ ಮಿಡಿತ ಅಳೆದರು. ಪ್ರತಿ ಕೋಶಕ್ಕೂ ತನ್ನ ಮೆಚ್ಚಿನ ಒಂದು ದಿಕ್ಕಿತ್ತು. ಕೈ ಆ ದಿಕ್ಕಿಗೆ ಹೊರಟಾಗ ಅದು ಅತಿ ಬಿರುಸಾಗಿ ಮಿಡಿಯುತ್ತಿತ್ತು, ಪಕ್ಕದ ದಿಕ್ಕುಗಳಿಗೆ ಸ್ವಲ್ಪ ಕಡಿಮೆ, ಎದುರು ದಿಕ್ಕಿಗೆ ತೀರಾ ಕಡಿಮೆ. ಯಾವ ಕೋಶವೂ ಒಂಟಿಯಾಗಿ ನಿಖರವಲ್ಲ. ಆದರೆ ನೂರಾರು ಕೋಶಗಳ ಒಲವನ್ನು ಕೂಡಿಸಿ ನೋಡಿದರೆ ಕೈ ಹೋಗುವ ದಿಕ್ಕು ಸ್ಪಷ್ಟವಾಗಿ ಮೂಡುತ್ತಿತ್ತು, ಅದೂ ಕೈ ಹೊರಡುವ ಮುನ್ನವೇ. ಊರೆಲ್ಲ ಸೇರಿ ತೇರು ಎಳೆಯುವಾಗ ತೇರು ಹೋಗುವ ದಿಕ್ಕು ಯಾವ ಒಂದು ಕೈಯದೂ ಅಲ್ಲವಲ್ಲ, ಹಾಗೆ. ಈ ಲೆಕ್ಕಾಚಾರವನ್ನು ನೆನಪಿಟ್ಟುಕೊಳ್ಳಿ, ಲೇಖನದ ಕೊನೆಗೆ ಬೇಕಾಗುತ್ತದೆ.

2023ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ತಿದ್ದುಪಡಿ ತಂದಿತು. ಪಾದ, ಕೈ, ಬಾಯಿಗಳ ಜಾಗಗಳ ನಡುನಡುವೆ ಬೇರೆಯೇ ಬಗೆಯ ಭಾಗಗಳಿವೆ, ಅವು ಒಂದು ಅಂಗಕ್ಕೆ ಮೀಸಲಾಗಿಲ್ಲ, ಒಂದಕ್ಕೊಂದು ಬೆಸೆದುಕೊಂಡು ಯೋಜನೆ ಹಾಕುವ ಜಾಲಗಳೊಡನೆ ಮಾತನಾಡುತ್ತವೆ ಎಂದು ಅವರ ಸ್ಕ್ಯಾನ್‌ಗಳು ತೋರಿಸಿದವು. ಎದ್ದು ನಿಲ್ಲುವಾಗ ಕಾಲು ಮಾತ್ರವಲ್ಲ, ಉಸಿರು, ರಕ್ತದೊತ್ತಡ, ಮೈಯ ನಿಲುವು ಎಲ್ಲವೂ ಒಟ್ಟಿಗೆ ಹೊಂದಿಕೊಳ್ಳಬೇಕು. ಆ ಹೊಂದಿಕೆಯ ಕೊಂಡಿಗಳು ಇವು ಎಂಬುದು ಅವರ ವಾದ. ನನಗೆ ಈ ವಾದ ಒಪ್ಪಿಗೆಯಾಗುತ್ತದೆ. ಬದುಕಿನಲ್ಲಿ ನಾವು ಬಿಡಿ ಅಂಗ ಆಡಿಸುವುದು ವೈದ್ಯರು ಪರೀಕ್ಷೆ ಮಾಡುವಾಗ ಮಾತ್ರ.

ಅಪ್ಪಣೆ ಹೊರಟ ದಾರಿ

ಮುಂದಿನ ದಿಬ್ಬದ ಆಳದ ಪದರದಲ್ಲಿ ದೈತ್ಯ ನರಕೋಶಗಳಿವೆ. 1874ರಲ್ಲಿ ಅವನ್ನು ವಿವರಿಸಿದ ವ್ಲಾದಿಮಿರ್ ಬೆಟ್ಸ್ ಅವರ ಹೆಸರೇ ಅವಕ್ಕಿದೆ. ಇವುಗಳೂ ಇವುಗಳ ಸುತ್ತಮುತ್ತಲ ಇತರ ಕೋಶಗಳೂ ಚಾಚುವ ತಂತುಗಳು ಪ್ರತಿ ಬದಿಗೂ ಸುಮಾರು ಹತ್ತು ಲಕ್ಷ. ಅವು ಒಟ್ಟಾಗಿ ಇಳಿದು, ಮಿದುಳು ಮುಗಿದು ಬೆನ್ನುಹುರಿ ಶುರುವಾಗುವಲ್ಲಿ ಹೆಚ್ಚಿನ ಪಾಲು ಎದುರುಬದಿಗೆ ದಾಟುತ್ತವೆ. ಬಲ ಮಿದುಳಿಗೆ ಪೆಟ್ಟಾದರೆ ಎಡಗೈ ಬೀಳುವುದು ಇದರಿಂದ. 1985ರಲ್ಲಿ ಶೆಫೀಲ್ಡ್‌ನ ಆಂಥನಿ ಬಾರ್ಕರ್ ತಂಡ ತಲೆಯ ಹೊರಗಿನಿಂದಲೇ ಕಾಂತಕ್ಷೇತ್ರದ ಮಿಡಿತ ಕೊಟ್ಟು ಕೈಬೆರಳು ಕದಲಿಸಿ ತೋರಿಸಿತು. ನೆತ್ತಿಯಿಂದ ಬೆರಳಿಗೆ ಸುದ್ದಿ ಮುಟ್ಟಲು ಸೆಕೆಂಡಿನ ಐವತ್ತನೆಯ ಒಂದು ಭಾಗ, ಹೆಚ್ಚುಕಡಿಮೆ, ಸಾಕು.

ಮುಖ, ನಾಲಿಗೆ, ಗಂಟಲಿನ ತಂತುಗಳು ಬೆನ್ನುಹುರಿಯ ತನಕ ಹೋಗುವುದಿಲ್ಲ, ಮಿದುಳಿನ ಕಾಂಡದಲ್ಲೇ ಇಳಿದು ಅಲ್ಲಿನ ನರಕೇಂದ್ರಗಳಿಗೆ ಸುದ್ದಿ ಕೊಡುತ್ತವೆ. ಈ ಕೇಂದ್ರಗಳಲ್ಲಿ ಹಲವಕ್ಕೆ ಎರಡೂ ಅರ್ಧಗೋಳಗಳಿಂದ ಅಪ್ಪಣೆ ಬರುತ್ತದೆ. ಮಾವನ ಬಾಯಿ ಜೋತಿದ್ದರೂ ಹಣೆ ಎರಡೂ ಬದಿಗೆ ಸರಿಯಾಗಿ ಸುಕ್ಕುಗಟ್ಟುತ್ತಿದ್ದುದು ಅದಕ್ಕೇ. ಒಂದೇ ಬದಿಯ ಪೆಟ್ಟಿನಿಂದ ತೊದಲಿದ ಮಾತು ಬಹಳ ಮಂದಿಯಲ್ಲಿ ಕ್ರಮೇಣ ತಿಳಿಯಾಗುವುದಕ್ಕೂ ಇದು ಒಂದು ಕಾರಣ.

ನಗುವಿಗೆ ಇನ್ನೊಂದು ದಾರಿಯಿದೆ, ಅದನ್ನು ನಾನು ಕಣ್ಣಾರೆ ಕಂಡೆ. ಚಿಕಿತ್ಸಕಿ ಬಂದು “ಹಲ್ಲು ತೋರಿಸಿ, ನಗಿ” ಎಂದರೆ ಮಾವನ ಬಾಯಿಯ ಬಲಭಾಗ ಮಾತ್ರ ಮೇಲೇಳುತ್ತಿತ್ತು. ಎಡಭಾಗ ಕಲ್ಲು. ಅವರ ಮುಖದಲ್ಲಿ ಬೆವರು ಮೂಡುವಷ್ಟು ಪ್ರಯತ್ನವಿತ್ತು. ಆಮೇಲೆ ಮೊಮ್ಮಗಳು ಅಜ್ಜನ ಕನ್ನಡಕವನ್ನು ತಲೆಕೆಳಗಾಗಿ ಹಾಕಿಕೊಂಡು ಗಂಭೀರವಾಗಿ ಪತ್ರಿಕೆ ಓದಲು ಕುಳಿತಳು. ಮಾವ ನಕ್ಕರು. ಪೂರ್ತಿ ನಕ್ಕರು, ಎರಡೂ ಬದಿ. ಬೇಕೆಂದು ನಗುವ ಅಪ್ಪಣೆ ಚಾಲಕ ತೊಗಟೆಯಿಂದ ಹೊರಡುತ್ತದೆ. ತಾನಾಗಿ ಉಕ್ಕುವ ನಗು, ಅಳು, ನರಳಿಕೆಗಳು ಮಿದುಳಿನ ಇನ್ನೂ ಹಳೆಯ, ಆಳದ ಭಾಗಗಳಿಂದ ಬೇರೆ ಜಾಡಿನಲ್ಲಿ ಬರುತ್ತವೆ. ಒಂದು ಸೇತುವೆ ಕುಸಿದಿತ್ತು, ಇನ್ನೊಂದು ಗಟ್ಟಿಯಾಗಿತ್ತು. ಮುಖದ ಸ್ನಾಯುಗಳಿಗೆ ಏನೂ ಆಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಮುಟ್ಟಿದ್ದು ತಿಳಿಯದೆ ಮಾಡುವುದೆಂತು

ಈವರೆಗೆ ಮುಂದಿನ ದಿಬ್ಬದ ಕಥೆಯನ್ನೇ ಹೇಳಿದೆ. ಹಿಂದಿನ ದಿಬ್ಬವನ್ನು ಬರೀ ‘ಸ್ಪರ್ಶಕೇಂದ್ರ’ ಎಂದು ಬದಿಗಿಟ್ಟರೆ ಚಲನೆ ಅರ್ಥವಾಗುವುದಿಲ್ಲ. 1895ರಲ್ಲಿ ಮಾಟ್ ಮತ್ತು ಶೆರಿಂಗ್ಟನ್ ಎಂಬ ಇಬ್ಬರು ಕೋತಿಯ ಒಂದು ತೋಳಿನಿಂದ ಬರುವ ಸಂವೇದನೆಯ ನರಬೇರುಗಳನ್ನು ಮಾತ್ರ ಕತ್ತರಿಸಿದರು. ಸ್ನಾಯುಗಳಿಗೆ ಹೋಗುವ ನರಗಳು ಹಾಗೆಯೇ ಇದ್ದವು. ಆದರೂ ಕೋತಿ ಆ ತೋಳನ್ನು ಬಳಸುವುದನ್ನೇ ಬಿಟ್ಟಿತು. ಅಪ್ಪಣೆಯ ದಾರಿ ತೆರೆದಿತ್ತು, ಸುದ್ದಿಯ ದಾರಿ ಮುಚ್ಚಿತ್ತು, ಅಷ್ಟಕ್ಕೇ ತೋಳು ನಿರುಪಯೋಗಿಯಾಯಿತು. ದಶಕಗಳ ನಂತರ ಎಡ್ವರ್ಡ್ ಟಾಬ್, ಇಂಥ ಕೋತಿಯ ಒಳ್ಳೆಯ ತೋಳನ್ನು ಕಟ್ಟಿಹಾಕಿದರೆ ಅದು ಮತ್ತೆ ಇನ್ನೊಂದನ್ನು ಬಳಸಲು ಕಲಿಯುತ್ತದೆ ಎಂದು ತೋರಿಸಿದರು. ಪಾರ್ಶ್ವವಾಯು ಆದವರ ಗಟ್ಟಿ ಕೈಗೆ ಗವಸು ತೊಡಿಸಿ, ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಹುಟ್ಟಿದ್ದು ಆ ತಿಳಿವಿನಿಂದ.

ಒಂದು ಗಾಜಿನ ಲೋಟ ಎತ್ತುವುದನ್ನೇ ನೋಡಿ. ಬಿಗಿ ಹೆಚ್ಚಾದರೆ ಕೈ ದಣಿಯುತ್ತದೆ, ಕಡಿಮೆಯಾದರೆ ಜಾರುತ್ತದೆ. ಜಾರಲು ತೊಡಗಿದ ಕೂಡಲೇ, ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಮೊದಲೇ, ಬೆರಳುಗಳ ಹಿಡಿತ ಬಿಗಿಯಾಗಿರುತ್ತದೆ. ಜಾರಿತು ಎಂದು ನಿಮ್ಮ ಗಮನಕ್ಕೆ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಬೆರಳ ತುದಿಗೆ ಅರಿವಳಿಕೆ ಕೊಟ್ಟರೆ, ಕಣ್ಣು ತೆರೆದೇ ಇದ್ದರೂ ಕಡ್ಡಿ ಗೀರುವಂಥ ಕೆಲಸ ಒರಟಾಗುತ್ತದೆ, ಕಡ್ಡಿ ಮತ್ತೆ ಮತ್ತೆ ಕೈಜಾರುತ್ತದೆ.

ಬಾಯಿಗೂ ಇದೇ ನಿಯಮ. ದವಡೆಹಲ್ಲಿನ ಚಿಕಿತ್ಸೆಗೆ ಇಂಜೆಕ್ಷನ್ ಹಾಕಿಸಿಕೊಂಡ ಒಂದು ಸಂಜೆ ನಾನು ಮನೆಗೆ ಫೋನ್ ಮಾಡಿದ್ದೆ. ನಾಲಿಗೆಯ ಸ್ನಾಯುಗಳಿಗೆ ಆ ಮದ್ದು ಏನೂ ಮಾಡಿರಲಿಲ್ಲ, ಮರಗಟ್ಟಿದ್ದು ಸ್ಪರ್ಶ ಮಾತ್ರ. ಆದರೂ ‘ಸ’ ಹೇಳಹೋದರೆ ನಾಲಿಗೆ ಎಲ್ಲಿದೆಯೆಂದೇ ತಿಳಿಯದು. ಹಲ್ಲಿಗೆ ತಾಗಿತೇ, ಎಷ್ಟು ಒತ್ತಿತು ಎಂಬ ಸುದ್ದಿಯಿಲ್ಲದೆ ಅಕ್ಷರಗಳು ಬಳುಕಿದವು.

ಹಾಗೆಂದು ಮಿದುಳು ಸುದ್ದಿ ಬರುವ ತನಕ ಕಾಯುತ್ತ ಕೂರುವುದೂ ಇಲ್ಲ. ಕಾದರೆ ತಡವಾಗುತ್ತದೆ. ಅಪ್ಪಣೆ ಕಳಿಸುವಾಗಲೇ ಅದರ ಒಂದು ಪ್ರತಿಯನ್ನು ತನ್ನೊಳಗೇ ಉಳಿಸಿಕೊಂಡು, ಹೀಗೆ ಮಾಡಿದರೆ ಇಂಥ ಸ್ಪರ್ಶ, ಇಂಥ ಸದ್ದು ಬರಬೇಕು ಎಂದು ಮುಂಗಾಣುತ್ತದೆ. ಬಂದ ಸುದ್ದಿ ಆ ನಿರೀಕ್ಷೆಗೆ ಹೊಂದಿದರೆ ಅದರ ದನಿ ತಗ್ಗಿಸುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ, ಇದೇ ಕಾರಣಕ್ಕೆ. ಫೋನಿನಲ್ಲಿ ನಮ್ಮದೇ ದನಿ ಕ್ಷಣ ತಡವಾಗಿ ಮರಳಿ ಕಿವಿಗೆ ಬಿದ್ದರೆ ಎಂಥ ಮಾತುಗಾರರೂ ತಡವರಿಸುತ್ತಾರೆ: ನಿರೀಕ್ಷೆಗೂ ಕೇಳಿದ್ದಕ್ಕೂ ತಾಳೆಯಾಗುವುದಿಲ್ಲ. ಈ ಮುಂಗಾಣ್ಕೆಯಲ್ಲೂ ತಿದ್ದುಪಡಿಯಲ್ಲೂ ತಲೆಯ ಹಿಂಭಾಗದ ಕಿರುಮಿದುಳಿಗೆ ದೊಡ್ಡ ಪಾತ್ರವಿದೆ. ಚಲನೆ ಯಾವಾಗ ಶುರುವಾಗಬೇಕು, ಎಷ್ಟು ಹುರುಪಿನಿಂದ ಎಂಬುದರಲ್ಲಿ ಮಿದುಳಿನ ಆಳದ ನರಗಂಟುಗಳ ಪಾಲಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅವು ಸೊರಗಿದಾಗ ಹೆಜ್ಜೆ ಕಿರಿದಾಗುವಂತೆಯೇ ದನಿಯೂ ಕಿರಿದಾಗುತ್ತದೆ.

ಅಪ್ಪ, ಅಬ್ಬ, ಅಮ್ಮ

ಈಗ ಒಂದು ಕೈಯನ್ನು ಗಂಟಲಿನ ಮೇಲಿಟ್ಟು ‘ಅಪ್ಪ’ ಎನ್ನಿ, ನಿಧಾನವಾಗಿ. ನಡುವೆ ತುಟಿಗಳು ಮುಚ್ಚಿದ ಗಳಿಗೆಯಲ್ಲಿ ಗಂಟಲು ಸ್ತಬ್ಧ. ‘ಅಬ್ಬ’ ಎನ್ನಿ. ತುಟಿ ಮುಚ್ಚಿದೆ, ಆದರೆ ಬೆರಳ ಕೆಳಗೆ ಗಂಟಲು ಗುಂಯ್‌ಗುಡುತ್ತಿದೆ. ಇನ್ನು ‘ಅಮ್ಮ’. ತುಟಿಯೂ ಮುಚ್ಚಿದೆ, ಗಂಟಲೂ ಗುಂಯ್‌ಗುಡುತ್ತಿದೆ, ಜೊತೆಗೆ ಕಿರುನಾಲಿಗೆಯ ಬಳಿಯ ಮೆತ್ತನೆಯ ಅಂಗುಳು ಕೆಳಗಿಳಿದು ಮೂಗಿನ ಬಾಗಿಲು ತೆರೆದಿದೆ. ನಂಬಿಕೆಯಾಗದಿದ್ದರೆ ಮೂಗು ಹಿಡಿದು ‘ಅಮ್ಮ’ ಎಂದು ನೋಡಿ. ಮೂರರಲ್ಲೂ ತುಟಿ ಮಾಡುವುದು ಒಂದೇ ಕೆಲಸ. ತಂದೆಯನ್ನು ಕರೆದೆವೋ, ಅಚ್ಚರಿಪಟ್ಟೆವೋ, ತಾಯಿಯನ್ನು ಕರೆದೆವೋ ಎಂಬುದನ್ನು ತೀರ್ಮಾನಿಸುವುದು ಗಂಟಲು ಮತ್ತು ಅಂಗುಳಿನ ಚಲನೆಗಳು ತುಟಿಯೊಡನೆ ಎಷ್ಟು ಕರಾರುವಾಕ್ಕಾಗಿ ಕೂಡಿಬಂದವು ಎಂಬುದು. ‘ಪ’ ಮತ್ತು ‘ಬ’ಗಳ ನಡುವಿನ ಅಂತರ ಸೆಕೆಂಡಿನ ನೂರನೆಯ ಭಾಗಗಳಲ್ಲಿ ಎಣಿಸುವಂಥದ್ದು.

ಇಂಥ ಧ್ವನಿಗಳನ್ನು ನಾವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಉದುರಿಸುತ್ತೇವೆ. ಎದೆಗೂಡಿನಿಂದ ತುಟಿಯ ತನಕ ಸುಮಾರು ನೂರು ಸ್ನಾಯುಗಳು ಇದರಲ್ಲಿ ತೊಡಗುತ್ತವೆ. ಒಂದು ಮುಗಿದ ಮೇಲೆ ಇನ್ನೊಂದು ಎಂದು ಸಾಲಾಗಿಯೂ ಅಲ್ಲ. ಕನ್ನಡಿಯ ಮುಂದೆ ನಿಂತು ‘ಕಿ’ ಮತ್ತು ‘ಕು’ ಹೇಳಿ ನೋಡಿ. ‘ಕು’ ಹೇಳುವಾಗ ‘ಕ’ ಇನ್ನೂ ಹೊರಬರುವ ಮುನ್ನವೇ ತುಟಿ ದುಂಡಗಾಗಿರುತ್ತದೆ. ಮುಂದಿನ ಸ್ವರದ ಸಿದ್ಧತೆ ಹಿಂದಿನ ವ್ಯಂಜನದೊಳಗೇ ನಡೆದಿರುತ್ತದೆ. ಯಾವ ಪಿಯಾನೊ ವಾದಕರ ಬೆರಳುಗಳೂ ಇದಕ್ಕಿಂತ ಜಟಿಲವಾದುದನ್ನು ಮಾಡುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಇದನ್ನು ನಾವು ಮೂರು ವರ್ಷದ ಮಗುವಾಗಿದ್ದಾಗಿನಿಂದ ಮಾಡುತ್ತಿದ್ದೇವೆ.

ಮಿದುಳು ಇದನ್ನು ಹೇಗೆ ಸಂಭಾಳಿಸುತ್ತದೆ ಎಂಬುದರ ಹತ್ತಿರದ ನೋಟ 2013ರಲ್ಲಿ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಚಾಂಗ್ ಮತ್ತು ಸಂಗಡಿಗರು, ಮೂರ್ಛೆಯ ಮೂಲ ಹುಡುಕಲೆಂದು ಮಿದುಳಿನ ಮೇಲೆ ಎಲೆಕ್ಟ್ರೋಡ್‌ಗಳ ಹಾಳೆ ಹೊದಿಸಿಕೊಂಡಿದ್ದ ರೋಗಿಗಳಿಂದ ‘ಬಾ’, ‘ದೀ’, ‘ಗೂ’ ಇಂಥ ಅಕ್ಷರಗಳನ್ನು ಹೇಳಿಸಿದರು. ನಡುಸೀಳಿನ ಕೆಳಭಾಗದಲ್ಲಿ ತುಟಿ, ದವಡೆ, ನಾಲಿಗೆ, ಧ್ವನಿಪೆಟ್ಟಿಗೆಗಳ ಜಾಗಗಳು ಒಂದರ ಮೇಲೊಂದು ಸ್ವಲ್ಪ ಹರಡಿಕೊಂಡಂತೆ ಇದ್ದವು. ಪ್ರತಿ ಧ್ವನಿಗೂ ಅವು ಬೇರೆ ಬೇರೆ ತಾಳದಲ್ಲಿ ಏಳುತ್ತಿದ್ದವು, ಬೀಳುತ್ತಿದ್ದವು. ವ್ಯಂಜನಗಳ ಮಾದರಿಗಳನ್ನು ಹೋಲಿಸಿದಾಗ ಅವು ಯಾವ ಅಂಗದಿಂದ ಹುಟ್ಟುತ್ತವೆ ಎಂಬುದರ ಮೇಲೆ ಗುಂಪುಗೂಡಿದವು. ತುಟಿಯಿಂದ ಹುಟ್ಟುವವು ಒಂದೆಡೆ, ನಾಲಿಗೆಯ ತುದಿಯವು ಒಂದೆಡೆ, ನಾಲಿಗೆಯ ಹಿಂಭಾಗದವು ಮತ್ತೊಂದೆಡೆ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ವರ್ಣಮಾಲೆಯನ್ನು ಜೋರಾಗಿ ಹೇಳಿಕೊಂಡೆ. ಕ ವರ್ಗ, ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ. ಗಂಟಲಿನ ಹತ್ತಿರದಿಂದ ಹೊರಟು ಅಂಗುಳು, ಹಲ್ಲು ದಾಟಿ ತುಟಿಗೆ ಬರುವ ಸಾಲು. ನಮ್ಮ ವರ್ಣಮಾಲೆಯನ್ನು ಜೋಡಿಸಿದವರಿಗೆ ಮಿದುಳಿನ ಒಳಗು ತಿಳಿದಿರಲಿಲ್ಲ, ಬಾಯಿ ತಿಳಿದಿತ್ತು. ತೊಗಟೆಯ ವರ್ಗೀಕರಣ ಅದರ ಪಡಿಯಚ್ಚು ಎಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ಧ್ವನಿಯನ್ನು ಕಿವಿಗೆ ಕೇಳಿದಂತೆ ಅಲ್ಲ, ಅಂಗ ಆಡಿದಂತೆ ವಿಂಗಡಿಸಿವೆ. ‘ಪ’ ಎಂಬುದು ಮಿದುಳಿನ ಈ ಭಾಗಕ್ಕೆ ಒಂದು ಅಕ್ಷರವಲ್ಲ, ಒಂದು ವರಸೆ.

ಧ್ವನಿಪೆಟ್ಟಿಗೆಗೆ ಮನುಷ್ಯರ ಚಾಲಕ ತೊಗಟೆಯಲ್ಲಿ ಒಂದಲ್ಲ, ಎರಡು ಜಾಗಗಳಿವೆ. ಅದರಲ್ಲಿ ಮೇಲಿನ ಜಾಗ ಸ್ವರದ ಏರಿಳಿತವನ್ನು ನಡೆಸುತ್ತದೆ ಎಂದು ಅದೇ ತಂಡ 2018ರಲ್ಲಿ ತೋರಿಸಿತು. “ಅವಳು ನಿನ್ನೆ ಬಂದಳು” ಎಂಬುದನ್ನು ‘ಅವಳು’ ಮೇಲೆ ಒತ್ತಿ ಹೇಳಿ, ಆಮೇಲೆ ‘ನಿನ್ನೆ’ ಮೇಲೆ ಒತ್ತಿ ಹೇಳಿ. ಪದ ಅವೇ, ಅರ್ಥ ಬೇರೆ. ಆ ಒತ್ತು ಅಲ್ಲಿಂದ ಬರುತ್ತದೆ, ಹಾಡಿನ ಸ್ವರವೂ ಹಾಗೆಯೇ. ಚಾಲಕ ತೊಗಟೆಯಿಂದ ಧ್ವನಿಪೆಟ್ಟಿಗೆಯ ನರಕೋಶಗಳಿಗೆ ನೇರವಾಗಿ ಹೋಗುವ ತಂತುಗಳು ಮನುಷ್ಯರಲ್ಲಿವೆ. ಕೋತಿಗಳಲ್ಲಿ ಆ ನೇರ ಕೊಂಡಿ ಕಾಣುವುದಿಲ್ಲ. ಕೋತಿಯ ಕೂಗು ಬಹುಮಟ್ಟಿಗೆ ನಮ್ಮ ಅಳು, ನಗುಗಳ ಹಳೆಯ ದಾರಿಯಲ್ಲಿ ಬರುವಂಥದ್ದು.

ಇನ್ನು ಬ್ರೋಕಾ ಕ್ಷೇತ್ರ, ಎಡ ಮಿದುಳಿನಲ್ಲಿ ಚಾಲಕ ದಿಬ್ಬದ ಕೆಳಭಾಗಕ್ಕೆ ತುಸು ಮುಂದಿರುವ ಜಾಗ. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ‘ಟ್ಯಾನ್’ ಎಂಬ ಒಂದೇ ಉಚ್ಚಾರ ಉಳಿದಿದ್ದ ರೋಗಿಯ ಮಿದುಳನ್ನು ಪರೀಕ್ಷಿಸಿದಂದಿನಿಂದ, ಮಾತು ಹೊರಬರುವುದು ಅಲ್ಲಿಂದಲೇ ಎಂದು ಶಾಲೆಯಲ್ಲಿ ಕಲಿತಿದ್ದೇವೆ. 2015ರಲ್ಲಿ ಪ್ರಕಟವಾದ ಅಳತೆಗಳಲ್ಲಿ, ಪದ ಹೇಳುವ ಮುನ್ನ ಬ್ರೋಕಾ ಕ್ಷೇತ್ರ ಚುರುಕಾಗಿರುತ್ತದೆ, ಬಾಯಿ ಆಡಲು ತೊಡಗಿದಾಗ ಸುಮ್ಮನಾಗುತ್ತದೆ ಎಂದು ಕಂಡಿತು. ಆಗ ಕೆಲಸ ನಡೆಸುತ್ತಿರುವುದು ಚಾಲಕ ತೊಗಟೆ.

ಬಾಯಿಯಿಲ್ಲದೆ ಆಡಿದ ಮಾತು

ಹಾಗಾದರೆ ದಾರಿ ಪೂರ್ತಿ ಕಡಿದುಹೋದವರ ಗತಿಯೇನು? ಮಿದುಳಿನ ಕಾಂಡಕ್ಕೆ ಪೆಟ್ಟಾದವರಲ್ಲಿ, ಸ್ನಾಯುಗಳನ್ನು ಆಡಿಸುವ ನರಕೋಶಗಳು ಕ್ರಮೇಣ ಸಾಯುವ ಎಎಲ್‌ಎಸ್‌ನಂಥ ಕಾಯಿಲೆಯಲ್ಲಿ, ಯೋಚನೆ ಚುರುಕಾಗಿದ್ದೂ ತುಟಿ, ನಾಲಿಗೆ ಆಡದ ಸ್ಥಿತಿ ಬರುತ್ತದೆ. ಆದರೆ ತೊಗಟೆ ತನ್ನ ಕೆಲಸ ಬಿಟ್ಟಿರುವುದಿಲ್ಲ. ವರ್ಷಗಳ ನಂತರವೂ ಆ ವ್ಯಕ್ತಿ ‘ಪ’ ಎನ್ನಲು ಯತ್ನಿಸಿದಾಗ ತುಟಿಯ ಜಾಗದ ನರಕೋಶಗಳು ಮಿಡಿಯುತ್ತವೆ, ಆ ಅಪ್ಪಣೆ ಎಲ್ಲಿಗೂ ಮುಟ್ಟುವುದಿಲ್ಲ ಅಷ್ಟೇ. ಆ ಮಿಡಿತವನ್ನು ದಾರಿಯಲ್ಲೇ ಓದಿಬಿಟ್ಟರೆ?

2021ರಲ್ಲಿ ಚಾಂಗ್ ತಂಡ ಅದನ್ನೇ ಮಾಡಿತು. ಹದಿನೈದು ವರ್ಷಕ್ಕೂ ಹಿಂದೆ ಮಾತು ಕಳೆದುಕೊಂಡಿದ್ದ ಒಬ್ಬರು ಹೇಳಲು ಯತ್ನಿಸಿದ ಪದಗಳು ಪರದೆಯ ಮೇಲೆ ಮೂಡಿದವು. ಪದಸಂಪತ್ತು ಬರೀ 50, ವೇಗ ನಿಮಿಷಕ್ಕೆ 15 ಪದ. 2023ರಲ್ಲಿ ಎರಡು ತಂಡಗಳು ಬೇರೆ ಬೇರೆ ರೋಗಿಗಳಲ್ಲಿ ನಿಮಿಷಕ್ಕೆ 62 ಮತ್ತು 78 ಪದಗಳ ವೇಗ ಮುಟ್ಟಿದವು. 2024ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ, ಎಎಲ್‌ಎಸ್ ಇರುವ ಒಬ್ಬರ ಎಡ ಚಾಲಕ ದಿಬ್ಬದಲ್ಲಿಟ್ಟ 256 ಎಲೆಕ್ಟ್ರೋಡ್‌ಗಳಿಂದ, 1,25,000 ಪದಗಳ ಸಂಪತ್ತಿನಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಪದಗಳನ್ನು ಸರಿಯಾಗಿ ಓದಿದ್ದಾಗಿ ವರದಿ ಮಾಡಿತು. ಓದುವ ಬಗೆಯ ತಳದಲ್ಲಿರುವುದು ಹಿಂದೆ ಹೇಳಿದ ಅದೇ ಕೂಡಿಸುವ ಲೆಕ್ಕ: ನೂರಾರು ಕಡೆಯ ಒಲವುಗಳನ್ನು ಒಟ್ಟು ಹಾಕಿ, ಇದು ಯಾವ ಧ್ವನಿಯ ಯತ್ನ ಎಂದು ಗುರುತಿಸುವುದು. ಅವರಿಗೆ ಕಾಯಿಲೆ ಬರುವ ಮುಂಚಿನ ಧ್ವನಿಮುದ್ರಣಗಳಿದ್ದವು. ಕಂಪ್ಯೂಟರ್ ಆ ಪದಗಳನ್ನು ಓದಿ ಹೇಳಿದ್ದು ಅವರದೇ ಹಳೆಯ ದನಿಯಲ್ಲಿ.

‘ಮನಸ್ಸು ಓದುವ ಯಂತ್ರ’ ಎಂದು ಸುದ್ದಿಗಳಲ್ಲಿ ಬರುತ್ತದೆ. ಆ ಮಾತು ನನಗೆ ಬೇಸರ ತರುತ್ತದೆ. ಈ ಯಂತ್ರಗಳು ಮುಖ್ಯವಾಗಿ ಓದುವುದು ಮಾತನಾಡುವ ಯತ್ನವನ್ನು, ತುಟಿ, ನಾಲಿಗೆಗೆ ಹೊರಟ ಅಪ್ಪಣೆಯನ್ನು. ಮನಸ್ಸಿನಲ್ಲೇ ಅಂದುಕೊಂಡ ಮಾತಿನ ಕ್ಷೀಣ ಗುರುತು ಕೂಡ ಚಾಲಕ ತೊಗಟೆಯಲ್ಲಿ ಸಿಗುತ್ತದೆ ಎಂದು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಹಾಗಾಗಿ ಬಯಸದ್ದನ್ನು ಯಂತ್ರ ಹೊರಹಾಕದಂತೆ ತಡೆಯುವ ಕೆಲಸವೂ ಈಗಲೇ ನಡೆದಿದೆ, ನಡೆಯಲೇಬೇಕು. ಆದರೆ ಹದಿನೈದು ವರ್ಷ ಯಾರಿಗೂ ಕೇಳಿಸದೆ ಮಾತನಾಡುತ್ತಲೇ ಇದ್ದ ತೊಗಟೆಯನ್ನು ಕೇಳಿಸಿಕೊಂಡದ್ದಕ್ಕೆ ಕದ್ದು ಓದಿದ ಹೆಸರು ಕೊಡುವುದು ಸರಿಯಲ್ಲ.

ಮಾವನಿಗೆ ಯಂತ್ರದ ಅಗತ್ಯ ಬೀಳಲಿಲ್ಲ. ದಿನಕ್ಕೆರಡು ಬಾರಿ ಕನ್ನಡಿಯ ಮುಂದೆ ಕುಳಿತು ಚಿಕಿತ್ಸಕಿ ಬರೆದುಕೊಟ್ಟ ಹಾಳೆ ಓದುತ್ತಿದ್ದರು. ಮೊದಲು ಬಂದದ್ದು ‘ಮ’. ತುಟಿ ಬಿಗಿಯಾಗಿ ಮುಚ್ಚಲು ಬಂದ ಮೇಲೆ ‘ಬ’, ‘ಪ’. ಹಲ್ಲಿಗೆ ನಾಲಿಗೆ ತಾಗಿಸುವ ‘ತ’ ಎರಡು ವಾರಕ್ಕೆ ಕೂಡಿತು, ನಾಲಿಗೆ ಹಿಂದಕ್ಕೆ ಮಡಚಬೇಕಾದ ‘ಟ’ ಇನ್ನೂ ತಡವಾಗಿ. ‘ಳ’ ಮಾತ್ರ ಬಹಳ ಕಾಲ ‘ಲ’ ಆಗಿಯೇ ಉಳಿಯಿತು. ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಫೋನ್ ಬಂತು. ಆ ಕಡೆಯಿಂದ, ಒಂದೊಂದೇ ಅಕ್ಷರವನ್ನು ಜಾಗದಲ್ಲಿಟ್ಟು ಹೇಳಿದರು: “ಇಲ್ಲಿ ಮಳೆ. ಬೆಳಗಿನಿಂದ ಮಳೆ. ಕೇಳಿಸಿತೇ? ಮಳೆ.”